ಹೂವಿನ ಕೋಣೆಯ ಸೋದರಿ ಇಗ್ನೇಷಿಯಾ

1939ರ ಆಗಸ್ಟ್ 16ರಂದು ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿದ್ದ ಸಂತ ತೋಮಸರ ಆಸ್ಪತ್ರೆಗೆ ಒಬ್ಬ ರೋಗಿಯನ್ನು ಸೇರಿಸಿಕೊಳ್ಳಲಾಯಿತು. ದಾಖಲೆಯಲ್ಲಿ ಅವನ ಕಾಯಿಲೆ ಜಠರದ ಉರಿಯೂತ. ನಿಜವಾದ ಕಾಯಿಲೆ ಕುಡಿತ. ಕುಡಿತದವರಿಗೆ ಹಾಸಿಗೆ ಕೊಡುವ ರೂಢಿ ಅಂದಿನ ಆಸ್ಪತ್ರೆಗಳಲ್ಲಿ ಇರಲಿಲ್ಲವಾದ್ದರಿಂದ ದಾಖಲಾತಿಯ ಹೊಣೆ ಹೊತ್ತಿದ್ದ ಸೋದರಿ ಮೇರಿ ಇಗ್ನೇಷಿಯಾ ಹಾಗೆ ಬರೆದುಕೊಂಡರು. ತುಮಕೂರು, ಗುಬ್ಬಿ, ಕುಣಿಗಲ್ಲಿನ ನಮ್ಮ ಮನೆಗಳಲ್ಲಿಯೂ ಹೊಟ್ಟೆನೋವು, ಪಿತ್ತ, ಕಾಮಾಲೆ ಎಂಬ ಹೆಸರುಗಳ ಹಿಂದೆ ಇದೇ ಕಾಯಿಲೆ ಅಡಗಿರುವುದುಂಟು. ಆದರೆ ಆ ಸೋದರಿ ಹೆಸರು ಬದಲಿಸಿದ್ದು ರೋಗಿಗೆ ಬಾಗಿಲು ತೆರೆಯಲಿಕ್ಕೆ. ನಾವು ಬದಲಿಸುವುದು ನೆರೆಯವರಿಗೆ ತಿಳಿಯಬಾರದೆಂಬುದಕ್ಕೆ.

ಇಗ್ನೇಷಿಯಾ 1889ರಲ್ಲಿ ಐರ್ಲೆಂಡಿನ ಮೇಯೊ ಪ್ರಾಂತದ ಬಡ ರೈತಾಪಿ ಕುಟುಂಬದಲ್ಲಿ ಜನಿಸಿದರು. ತಂದೆತಾಯಿ ಇಟ್ಟ ಹೆಸರು ಬ್ರಿಜೆಟ್ ಗ್ಯಾವಿನ್. ಏಳನೆಯ ವಯಸ್ಸಿನಲ್ಲಿ ಮನೆಯವರೊಡನೆ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ವಲಸೆ ಬಂದು, 1914ರಲ್ಲಿ ಸಂತ ಅಗಸ್ಟೀನರ ದಯಾಸೋದರಿಯರ ಮಠವನ್ನು ಸೇರಿದರು. ಅವರ ಪ್ರತಿಭೆ ಸಂಗೀತದಲ್ಲಿತ್ತು. ಮಠವು ಅವರನ್ನು ಸಂಗೀತ ಶಿಕ್ಷಕಿಯನ್ನಾಗಿ ದುಡಿಸಿತು. ಕೆಲಸದ ಹೊರೆ ಮಿತಿಮೀರಿ 1927ರಲ್ಲಿ ಅವರ ದೇಹವೂ ಮನಸ್ಸೂ ಕುಸಿದವು. ಚೇತರಿಸಿಕೊಂಡ ಮೇಲೆ ಸಂಗೀತವನ್ನು ಬಿಟ್ಟು, ಹೊಸದಾಗಿ ತೆರೆದ ಆಕ್ರನ್ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜಿನ ಮುಂದೆ ಕುಳಿತರು. ಮನುಷ್ಯನು ಸಂಪೂರ್ಣವಾಗಿ ಸೋಲುವುದೆಂದರೇನೆಂದು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಆ ಆಸ್ಪತ್ರೆಗೆ ಬರುತ್ತಿದ್ದ ಶಸ್ತ್ರವೈದ್ಯರಲ್ಲಿ ರಾಬರ್ಟ್ ಸ್ಮಿತ್ ಒಬ್ಬರು. ಕಥೋಲಿಕರಲ್ಲ, ಹಲವು ವರ್ಷ ಕುಡಿತಕ್ಕೆ ದಾಸರಾಗಿದ್ದವರು. 1935ರಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರು ವ್ಯಾಪಾರಿ ಆಕ್ರನ್ನಿಗೆ ಬಂದಿದ್ದಾಗ ಇಬ್ಬರ ಭೇಟಿಯಾಯಿತು. ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಅವರು ಸ್ಮಿತ್‌ರಿಗೆ ಬುದ್ಧಿವಾದ ಹೇಳಲಿಲ್ಲ. ತಮ್ಮ ಕಥೆಯನ್ನು ಹೇಳಿಕೊಂಡರು. ಸ್ಮಿತ್ ಕಡೆಯ ಬಾರಿ ಕುಡಿದ ಆ ವರ್ಷದ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟದ ಹುಟ್ಟುದಿನವೆಂದು ಎಣಿಸುತ್ತಾರೆ. ಒಳಿತು ಯಾವುದೆಂದು ತಿಳಿದೂ ಮಾಡಲಾರದ ಮನುಷ್ಯನ ಸ್ಥಿತಿಯನ್ನು ಅರಿಸ್ಟಾಟಲನು ಬಹಳ ಸೂಕ್ಷ್ಮವಾಗಿ ವಿವೇಚಿಸಿದ್ದಾನೆ. ಗುರುಮಠದಲ್ಲಿ ಅದನ್ನು ಓದಿದ ನಮ್ಮಂಥವರು ಕುಡುಕನ ಮುಂದೆ ನಿಂತಾಗ ಅದನ್ನು ಮರೆತು ಉಪದೇಶಕ್ಕೆ ತೊಡಗುತ್ತೇವೆ.

ಸ್ಮಿತ್‌ರ ಮಾತಿನ ಮೇಲೆ ಇಗ್ನೇಷಿಯಾ ಸೇರಿಸಿಕೊಂಡ ಆ ರೋಗಿಯನ್ನು ಮೊದಲ ರಾತ್ರಿ ಇಬ್ಬರು ಮಲಗುವ ಕೋಣೆಯಲ್ಲಿ ಇರಿಸಲಾಯಿತು. ಮರುದಿನ ವೈದ್ಯರು ಪ್ರತ್ಯೇಕ ಕೋಣೆ ಬೇಕೆಂದರು. ಅವನೊಡನೆ ಮಾತನಾಡಲು ಕೆಲವರು ಬರುವವರಿದ್ದರು. ಖಾಲಿ ಇದ್ದದ್ದು ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸುವ ಪುಟ್ಟ ಕೋಣೆಯೊಂದೇ. ಮಂಚವನ್ನು ಅದರೊಳಗೆ ನೂಕಲಾಯಿತು. ಸಂಜೆ ಬಂದ ಗೃಹಸ್ಥರ ಮಾತು, ಉಡುಪು, ನಡತೆಗಳನ್ನು ಕಂಡ ಸೋದರಿಗೆ ಇವರೂ ಒಂದು ಕಾಲಕ್ಕೆ ಕುಡುಕರಾಗಿದ್ದರೆಂದು ನಂಬುವುದೇ ಕಷ್ಟವಾಯಿತು.

ಮುಂದೆ ಅಲ್ಲಿ ಅಂಥ ರೋಗಿಗಳಿಗೆಂದೇ ವಾರ್ಡು ತೆರೆಯಿತು. ಐದು ದಿನಗಳ ವಾಸ. ಔಷಧಿ ಶರೀರಕ್ಕೆ, ಉಳಿದದ್ದೆಲ್ಲ ಕಾಫಿ ಮತ್ತು ಮಾತುಕತೆ, ಅದೂ ಕುಡಿತ ಬಿಟ್ಟವರೊಡನೆ. ಬಿಡುಗಡೆಯ ದಿನ ಇಗ್ನೇಷಿಯಾ ಪ್ರತಿಯೊಬ್ಬನಿಗೂ ಯೇಸುವಿನ ಪವಿತ್ರ ಹೃದಯದ ಪುಟ್ಟ ಬ್ಯಾಡ್ಜನ್ನು ಕೊಡುತ್ತಿದ್ದರು. ಒಂದು ಷರತ್ತು: ಮತ್ತೆ ಕುಡಿಯಬೇಕೆನಿಸಿದರೆ, ಮೊದಲ ಲೋಟಕ್ಕೆ ಮುನ್ನ ಅದನ್ನು ತಂದು ಅವರ ಕೈಗೆ ಹಿಂದಿರುಗಿಸಬೇಕು. ಅದನ್ನು ಪ್ರೊಟೆಸ್ಟಂಟರೂ ಯಾವ ಧರ್ಮವೂ ಇಲ್ಲದವರೂ ಜೇಬಿನಲ್ಲಿ ಕಾಪಾಡಿಕೊಂಡರು.

1950ರಲ್ಲಿ ಸ್ಮಿತ್ ತೀರಿಕೊಳ್ಳುವ ಹೊತ್ತಿಗೆ ಇವರಿಬ್ಬರ ಆರೈಕೆ ಪಡೆದವರು ಸುಮಾರು 5,000. 1952ರಲ್ಲಿ ಸೋದರಿಯನ್ನು ಕ್ಲೀವ್‌ಲ್ಯಾಂಡಿಗೆ ವರ್ಗಾಯಿಸಲಾಯಿತು. ಅಲ್ಲಿ ಸಂತ ವಿನ್ಸೆಂಟ್ ಆಸ್ಪತ್ರೆಯಲ್ಲಿ ರೋಸರಿ ಹಾಲ್ ಎಂಬ ವಿಭಾಗವನ್ನು ಕಟ್ಟಿದರು. 1966ರ ಏಪ್ರಿಲ್ 1ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಆ ಕೂಟ 1957ರಲ್ಲಿ ಭಾರತಕ್ಕೆ ಬಂದಿತು. ಬೆಂಗಳೂರಿನಲ್ಲಿ ಕನ್ನಡದಲ್ಲಿಯೂ ಸಭೆಗಳಿವೆ. ಶುಲ್ಕವಿಲ್ಲ, ಮನೆತನ ಕೇಳುವವರಿಲ್ಲ. ಕುಡಿತದವರಿಗಷ್ಟೇ ಮೀಸಲಾದ ಸಭೆಗಳೂ, ಮನೆಯವರು ಕೂರಬಹುದಾದ ತೆರೆದ ಸಭೆಗಳೂ ಉಂಟು. ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟ ಬೇರೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳಿಗೆ ಹೋಗಿಬಂದವರಿಗೂ ನವಜೀವನ ಸಮಿತಿಗಳಿವೆ. ಅಲ್ಲಿಗೆ ಹೋಗಲು ನಮ್ಮವರು ಹಿಂಜರಿಯಬೇಕಿಲ್ಲ. ಬಹುಕಾಲ ಕುಡಿದವನು ಏಕಾಏಕಿ ನಿಲ್ಲಿಸಿದರೆ ಸೆಳವು, ಸನ್ನಿಗಳ ಅಪಾಯವಿದೆ. ಆದ್ದರಿಂದ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಬೆಂಗಳೂರಿನ ನಿಮ್ಹಾನ್ಸನ್ನೋ ಕಾಣುವುದು ಕ್ಷೇಮ.

ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ ಗುರುತಿನವರ ಕಣ್ಣಿಗೆ ಬೀಳುವ ಅಂಜಿಕೆಯುಳ್ಳವರು ಬೆಂಗಳೂರಿನ ಬಸ್ಸು ಹತ್ತಲಿ. ಮೊದಲ ದಿನ ಯಾರಾದರೂ ಜೊತೆಗೆ ಹೋಗಿರಿ; ಅಣ್ಣನೋ, ಷಡ್ಡಕನೋ, ಬೇರಾರೂ ಇಲ್ಲದಿದ್ದರೆ ಧರ್ಮಕೇಂದ್ರದ ಗುರುವೋ. ಇಗ್ನೇಷಿಯಾ ತಮ್ಮ ವಾರ್ಡಿಗೆ ಬರುವ ಪ್ರತಿಯೊಬ್ಬನಿಗೂ ಕುಡಿತ ಬಿಟ್ಟ ಒಬ್ಬ ಹೊಣೆಗಾರನು ಜೊತೆಗಿರಬೇಕೆಂದು ನಿಯಮ ಮಾಡಿದ್ದರು.