ಕಿಟೆಲ್ ಸಾಹೇಬರು ಹೇಳಿದ ಯಜ್ಞ



ಗುಡ್ ಫ್ರೈಡೇಕ್ಕ ಸೂಟಿ ಇರ್ತೈತಿ ಅಂತ ನಮಗೆಲ್ಲಾ ಗೊತ್ತು. ಅದು ಯಾಕ, ಅದಾದ ಮೂರನೇ ದಿನ ಬರುವ ಈಸ್ಟರ್ ಹಬ್ಬ ಅಂದ್ರ ಏನು ಅಂತ ನನಗೂ ಗೊತ್ತಿರಲಿಲ್ಲ. ಅಜ್ಜಿಯನ್ನು ಕರಕೊಂಡು ಬೆಟಗೇರಿಯ ದವಾಖಾನೆಗೆ ಹೋಗಿದ್ದೆವು. ಅದಕ್ಕೆ ಹಿರಿಯರು ಜರ್ಮನ್ ದವಾಖಾನಿ ಅಂತಾರ. ಹಾಗೆ ಯಾಕ ಅಂತಾರ ಅಂತ ನಮ್ಮ ಗುರುಗಳನ್ನು ಕೇಳಿದೆ. ಆಗ ಅವರು ಬಾಸೆಲ್ ಮಿಶನ್‌ನವರ ಬಗ್ಗೆ, ಕಿಟೆಲ್ ಸಾಹೇಬರ ಬಗ್ಗೆ ಹೇಳಿದರು.

ಬಾಸೆಲ್ ಮಿಶನ್‌ನವರು 1834 ರಲ್ಲಿ ಮಂಗಳೂರಿಗೆ ಬಂದರು. 1837 ರಲ್ಲಿ ಧಾರವಾಡಕ್ಕೆ, 1841 ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅದೇ ಮಿಶನ್‌ನಿಂದ 1853 ರಲ್ಲಿ ಫರ್ಡಿನಾಂಡ್ ಕಿಟೆಲ್ ಬಂದರು. ಅವರು ಹುಟ್ಟಿದ್ದು 1832 ರಲ್ಲಿ, ಜರ್ಮನಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಧಾರವಾಡದ ಕಡೆ ಹಳ್ಳಿಹಳ್ಳಿ ತಿರುಗಿ ಜನರ ಬಾಯಿಂದಲೇ ಕನ್ನಡ ಕಲಿತರು. ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿದರು. ಅವರ ಈ ರೀತಿ ಮಿಶನ್‌ನ ಕೆಲವರಿಗೆ ಹಿಡಿಸಲಿಲ್ಲ, ಮನಸ್ತಾಪ ಬಂತು. ಮೊದಲ ಹೆಂಡತಿ ಪೌಲೀನಾ ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು. ಇಷ್ಟಾದರೂ ಅವರು ಕನ್ನಡದ ಕೆಲಸ ಬಿಡಲಿಲ್ಲ.

1862 ರಲ್ಲಿ ಅವರು ಯೇಸುವಿನ ಜೀವನವನ್ನು ಕನ್ನಡ ಪದ್ಯದಲ್ಲಿ ಬರೆದರು. ಅದರ ಹೆಸರು ಕಥಾಮಾಲೆ. 1872 ರಲ್ಲಿ ಯಜ್ಞದ ಬಗ್ಗೆಯೇ ಒಂದು ಪುಸ್ತಕ ಬರೆದರು, ಅದು ಯಜ್ಞಸುಧಾನಿಧಿ. ನಮ್ಮ ಜನರಿಗೆ ಗೊತ್ತಿದ್ದ ಮಾತಿನಿಂದಲೇ ತಮ್ಮ ಧರ್ಮದ ಮಾತು ಹೇಳಬೇಕು ಅಂತ ಅವರ ಆಸೆ.

ಗುರುಗಳು ಅದನ್ನು ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಹಿಂದಿನ ಕಾಲದ ಜಾತ್ರ್ಯಾಗ ದೇವಿಗೆ ಕುರಿ ಕೊಡ್ತಿದ್ರು. ಹರಕೆ ನಮ್ಮದು, ಜೀವ ಮಾತ್ರ ಕುರಿಯದು. ಆದರೆ ಕ್ರೈಸ್ತರ ನಂಬಿಕೆಯಲ್ಲಿ ಯೇಸು ಬೇರೆಯವರ ಜೀವ ಕೊಡಲಿಲ್ಲ, ತನ್ನದನ್ನೇ ಕೊಟ್ಟ. ಎಲ್ಲರ ತಪ್ಪನ್ನು ತಾನು ಹೊತ್ತುಕೊಂಡ. ಶಿಲುಬೆಗೆ ಮೊಳೆ ಹೊಡೆದವರನ್ನೂ ಶಪಿಸದೆ ಕ್ಷಮಿಸಿದ. ಮೂರನೇ ದಿನ ಎದ್ದು ಬಂದ. ಆ ದಿನವೇ ಈಸ್ಟರ್. ಎದ್ದು ಬಂದವನು ಸೇಡು ತೀರಿಸಲಿಲ್ಲ, ತನ್ನನ್ನು ಬಿಟ್ಟು ಓಡಿಹೋದ ಶಿಷ್ಯರನ್ನೇ ಹುಡುಕಿಕೊಂಡು ಹೋದ. ಈ ಮಾತು ನನ್ನ ಮನಸ್ಸಿಗೆ ಬಹಳ ಹತ್ತಿತು.

ಕಿಟೆಲ್‌ರು ವರ್ಷಾನುಗಟ್ಟಲೆ ಶಬ್ದ ಕೂಡಿಸಿದರು. 1894 ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ಶಬ್ದಕೋಶ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಅವರು 1903 ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಹುಟ್ಟಿದ ಊರು ಬಿಟ್ಟು ತಮ್ಮ ಆಯುಷ್ಯವನ್ನೇ ಇನ್ನೊಬ್ಬರ ಭಾಷೆಗೆ ಕೊಟ್ಟರು. ಇದೂ ಒಂದು ಯಜ್ಞ ಅಂತ ನನಗೆ ಅನ್ನಿಸ್ತೈತಿ.

ಕ್ಷಮೆ ಅಂದ್ರ ತಾಳ್ಮೆ. ಭೂಮಿಗೂ ಕ್ಷಮೆ ಅನ್ನುವ ಹೆಸರು ಐತಿ ಅಂತ ಗುರುಗಳು ಹೇಳಿದರು. ನಾವು ನೇಗಿಲಿನಿಂದ ಸೀಳಿದರೂ ಭೂಮಿತಾಯಿ ನಮಗೆ ಜೋಳ ಕೊಡ್ತಾಳ.

ಇನ್ನೊಂದು ಮಾತು ಹೇಳಬೇಕು. ನನ್ನ ಗೆಳೆಯನೊಬ್ಬ ನನ್ನ ಕಂಪಾಸ ಪೆಟ್ಟಿಗೆ ಒಯ್ದು ಕಳೆದಿದ್ದ. ಅದು ನಮ್ಮಪ್ಪ ಕೂಲಿ ರೊಕ್ಕದಾಗ ಕೊಡಿಸಿದ್ದು. ಎರಡು ತಿಂಗಳಿಂದ ನಾನು ಅವನಿಗೆ ಠೂ ಬಿಟ್ಟಿದ್ದೆ. ಅವನು ಎರಡು ಸಲ ತಾನಾಗಿ ಮಾತಾಡಿಸಲು ಬಂದರೂ ಮುಖ ತಿರುವಿದೆ. ಇದನ್ನು ಬರೆಯುವಾಗ ನನಗೇ ನಾಚಿಕೆ ಬಂತು. ಸಾಹೇಬರ ಬಗ್ಗೆ ಚಂದಾಗಿ ಬರೆದು, ನಾನು ಮಾತ್ರ ಸಿಟ್ಟು ಇಟ್ಟುಕೊಂಡರೆ ಹೆಂಗ? ಅದಕ್ಕೆ ಈ ಹಾಳೆ ಗೋಡೆಗೆ ಹಚ್ಚುವ ಮೊದಲು ಅವನ ಹತ್ರ ಹೋಗಿ ಕುಂತೆ. ಕಂಪಾಸ ಸಿಕ್ಕಿಲ್ಲ. ಸಿಟ್ಟು ಇನ್ನೂ ಸ್ವಲ್ಪ ಐತಿ. ಆದರೆ ಈ ಹಾಳೆಗೆ ಗೆರೆ ಹೊಡೆದು ಕೊಟ್ಟವನು ಅವನೇ.