ಪತ್ರಗಳಲ್ಲಿ ಕಾಣುವ ಪೌಲ

ಆದಿ ಕ್ರೈಸ್ತ ಸಮುದಾಯದ ಅಪೊಸ್ತಲ ಪೌಲನ ಜೀವನವನ್ನು ತಿಳಿಯಲು ನಮಗಿರುವ ಮುಖ್ಯ ಆಕರಗಳು ಎರಡು: ಅವನ ಪತ್ರಗಳು ಹಾಗೂ ಲೂಕನ ಹೆಸರಿನಲ್ಲಿರುವ ‘ಅಪೊಸ್ತಲರ ಕೃತ್ಯಗಳು’. ಎರಡನೆಯದು ಪೌಲನ ಮರಣಾನಂತರದ ಕೃತಿಯೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಜನಮನದಲ್ಲಿರುವ ಪೌಲನ ಚಿತ್ರ ಬಹುಮಟ್ಟಿಗೆ ಈ ಎರಡನೆಯದರಿಂದಲೇ ಬಂದುದು.

ತಾರ್ಸದಲ್ಲಿ ಜನನ, ಗಮಲಿಯೇಲನ ಬಳಿ ವ್ಯಾಸಂಗ, ರೋಮನ್ ಪೌರತ್ವ, ಗುಡಾರ ಮಾಡುವ ಕಸುಬು ಇವೆಲ್ಲ ಕೃತ್ಯಗಳ ಗ್ರಂಥದ ವಿವರಗಳು. ತಾನು ಫರಿಸಾಯನಾಗಿದ್ದೆ, ಯೇಸುವಿನ ಅನುಯಾಯಿಗಳನ್ನು ಹಿಂಸಿಸಿದೆ, ಸ್ವಂತ ದುಡಿಮೆಯಿಂದ ಬದುಕಿದೆ ಎಂಬಷ್ಟನ್ನು ಮಾತ್ರ ಪತ್ರಗಳು ದೃಢಪಡಿಸುತ್ತವೆ. ದಮಸ್ಕದ ದಾರಿಯಲ್ಲಾದ ದರ್ಶನವನ್ನು ಕೃತ್ಯಗಳ ಗ್ರಂಥವು ಮೂರು ಬಾರಿ ವರ್ಣಿಸಿದರೆ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಅದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ. ಮತಾಂತರದ ಫಲವಾಗಿ ಸೌಲನು ಪೌಲನಾದನೆಂಬ ಪ್ರಚಲಿತ ಮಾತಿಗೂ ಆಧಾರವಿಲ್ಲ. ಲೂಕನೇ ಆ ಎರಡನ್ನೂ ಏಕಕಾಲದ ಹೆಸರುಗಳೆಂದು ಸೂಚಿಸಿದ್ದಾನೆ.

ಅವನ ಹೆಸರಿನ 13 ಪತ್ರಗಳಲ್ಲಿ 7 ಮಾತ್ರ ನಿರ್ವಿವಾದವಾಗಿ ಅವನವು. ಥೆಸಲೋನಿಕದವರಿಗೆ ಬರೆದ ಮೊದಲನೆಯದು ಸುಮಾರು ಕ್ರಿ.ಶ. 50ರದು; ಅಂದರೆ ನಾಲ್ಕು ಸುವಾರ್ತೆಗಳಿಗಿಂತಲೂ ಹಿಂದಿನದು. ಇವು ಶಾಸ್ತ್ರಗ್ರಂಥಗಳಾಗಿ ಹುಟ್ಟಿದವಲ್ಲ, ಆಯಾ ಸಭೆಯ ಜಗಳಗಳಿಗೆ ಕೊಟ್ಟ ಉತ್ತರಗಳು. ಅನ್ಯಜನರೂ ಸುನ್ನತಿ ಮಾಡಿಸಿಕೊಳ್ಳಬೇಕೆಂಬ ಒತ್ತಾಯ ಗಲಾತ್ಯದಲ್ಲಿ ಎದ್ದಾಗ ಪೌಲನು ವಾಡಿಕೆಯ ಕೃತಜ್ಞತಾವಚನವನ್ನೂ ಬಿಟ್ಟು ನೇರವಾಗಿ ಗದರಿಕೆಗೆ ಇಳಿಯುತ್ತಾನೆ. ಕೊನೆಯಲ್ಲಿ ಲೇಖನಿಯನ್ನು ತಾನೇ ಹಿಡಿದು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಾನೆ. ರೋಮಾಪುರದವರಿಗೆ ಹೋದ ಪತ್ರದಲ್ಲಂತೂ ಉಕ್ತಲೇಖನ ಬರೆದುಕೊಂಡ ತೆರ್ತ್ಯನು ನಡುವೆ ತನ್ನದೊಂದು ವಂದನೆ ಸೇರಿಸಿಬಿಟ್ಟಿದ್ದಾನೆ. ಪಠ್ಯ ಸಂಪಾದನೆಯಲ್ಲಿ ಲಿಪಿಕಾರರೊಡನೆ ಸೆಣಸುವ ನಮಗೆ ಇದು ಅಪರಿಚಿತವೇನಲ್ಲ.

ಕರ್ತೃತ್ವದ ಈ ಪ್ರಶ್ನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಸ್ತ್ರೀಯರು ಬೋಧಿಸಬಾರದೆನ್ನುವ ತಿಮೊಥೆಗೆ ಬರೆದ ಮೊದಲನೆಯ ಪತ್ರವು ಬಹುಪಾಲು ವಿದ್ವಾಂಸರ ದೃಷ್ಟಿಯಲ್ಲಿ ಪೌಲನದಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿಯೂ ಸ್ತ್ರೀಯರು ಮೌನವಾಗಿರಬೇಕೆನ್ನುವ ಸಾಲುಗಳಿವೆ. ಅವು ಪ್ರಕ್ಷಿಪ್ತವೆಂದು ಕೆಲವರ ವಾದ. ಅದೇ ಪತ್ರದಲ್ಲಿ ಸ್ತ್ರೀಯರು ಸಭೆಯಲ್ಲಿ ಪ್ರವಾದಿಸುವುದನ್ನು ಅವನು ಒಪ್ಪಿಕೊಂಡಿರುವುದರಿಂದ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೂ ಶತಮಾನಗಳ ಕಾಲ ಸ್ತ್ರೀಯರನ್ನು ವೇದಿಕೆಯಿಂದ ದೂರವಿಡಲು ಬಳಕೆಯಾದದ್ದು ಪೌಲನ ಹೆಸರೇ.

ನೀರೋ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಅವನ ಶಿರಚ್ಛೇದವಾಯಿತೆಂದು ಪರಂಪರೆ ಹೇಳುತ್ತದೆ. ಮುಂದೆ ಅಗಸ್ಟೀನ್, 16ನೆಯ ಶತಮಾನದಲ್ಲಿ ಲೂಥರ್ ತಮ್ಮ ಚಿಂತನೆಯ ತಳಹದಿಯನ್ನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಂಡುಕೊಂಡರು. ಅದೇ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲನು ಶಿಫಾರಸು ಮಾಡುವ ಮೊದಲ ವ್ಯಕ್ತಿ ಫೊಯಿಬೆ ಎಂಬ ಸ್ತ್ರೀ. ಬೇರೆ ಪತ್ರಗಳಲ್ಲಿ ತನ್ನನ್ನು ಕುರಿತು ಬಳಸಿದ ‘ದಿಯಾಕೊನೊಸ್’ ಎಂಬ ಗ್ರೀಕ್ ಪದವನ್ನೇ ಅವನು ಅವಳಿಗೂ ಬಳಸಿದ್ದಾನೆ.