ಅಡುಗೆಮನಿ ಬಾಗಿಲು ತೆರೆದಿಟ್ಟ ಯಜ್ಞನಾರಾಯಣ ಮಯ್ಯ: ರವಾ ಇಡ್ಲಿ ಹಿಂದಿನ ದೊಡ್ಡ ಹೆಸರು

ಗೋಕಾಕ: ಬಸ್‌ ಸ್ಟ್ಯಾಂಡ್ ಹತ್ತಿರದ ಉಡುಪಿ ಹೋಟೆಲ್‌ನ್ಯಾಗ ರವಾ ಇಡ್ಲಿ ತಿನ್ನೋರು ಬಹಳ ಮಂದಿ. ದೀಪಾವಳಿ ಬಂತಂದ್ರ ಮೂಡಲಗಿ, ಹುಕ್ಕೇರಿ ಕಿರಾಣಿ ಅಂಗಡಿಗಳಲ್ಲಿ ಎಂಟಿಆರ್ ಗುಲಾಬ್ ಜಾಮೂನ್ ಪಾಕೀಟು ಕೇಳೋರಿಗೂ ಕಮ್ಮಿ ಇಲ್ಲ. ಆದ್ರೆ ಈ ಎರಡರ ಹಿಂದೆ ಇದ್ದ ಅಡುಗೆಯವರ ಮನೆತನದ ಕಥೆ ನಮ್ಮ ಭಾಗದ ಎಷ್ಟೋ ಜನರಿಗೆ ಗೊತ್ತಿಲ್ಲ. ಅದರಲ್ಲಿ ಮುಖ್ಯ ಹೆಸರು ಯಜ್ಞನಾರಾಯಣ ಮಯ್ಯ ಅವರದು. ಅವರು ತೀರಿಕೊಂಡದ್ದು 1968ರಲ್ಲಿ. ಅರ್ಧ ಶತಮಾನ ದಾಟಿದರೂ ಅವರು ಹಾಕಿಕೊಟ್ಟ ಪದ್ಧತಿ ಇನ್ನೂ ಜೀವಂತ ಐತಿ.

ಘಟ್ಟ ಹತ್ತಿ ಬಂದ ಅಣ್ಣತಮ್ಮಂದಿರು

ಮಯ್ಯರ ಮೂಲ ಊರು ಕೋಟದ ಹತ್ತಿರದ ಪಾರಂಪಳ್ಳಿ. ಈಗಿನ ಉಡುಪಿ ಜಿಲ್ಲೆ. ಆಗ ಅದು ಮದ್ರಾಸ್ ಪ್ರಾಂತ್ಯದಾಗಿತ್ತು, ಬೆಂಗಳೂರು ಮೈಸೂರು ಅರಸರ ಸೀಮೆ, ನಮ್ಮ ಗೋಕಾಕ ಸೀಮೆ ಮುಂಬೈ ಪ್ರಾಂತ್ಯ. ಅಂದ್ರೆ ಕನ್ನಡದವರು ಕನ್ನಡದ ಊರಿಗೇ ಹೋದ್ರೂ ಬೇರೆ ರಾಜ್ಯಕ್ಕೆ ಹೋದಂಗ. 1920ರ ಸುಮಾರಿಗೆ ಅಣ್ಣ ಪರಮೇಶ್ವರ ಮಯ್ಯ ಮತ್ತು ಸೋದರರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಕೈಯಲ್ಲಿದ್ದ ಬಂಡವಾಳ ಅಡುಗೆ ಒಂದೇ. ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡುತ್ತಾ ಹೆಸರು ಗಳಿಸಿದರು.

1924ರಲ್ಲಿ ಲಾಲ್‌ಬಾಗ್ ಹತ್ತಿರ ಸಣ್ಣದೊಂದು ಹೋಟೆಲ್ ತೆಗೆದರು. ಅದರ ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಕಾಫಿ, ಇಡ್ಲಿಯಂಥ ತಿಂಡಿ, ಅಷ್ಟೇ. ಪರಮೇಶ್ವರ ಮಯ್ಯರ ನಂತರ ಹೊಣೆ ಯಜ್ಞನಾರಾಯಣ ಮಯ್ಯರ ಹೆಗಲಿಗೆ ಬಂತು.

ಅಕ್ಕಿ ಇಲ್ಲದಾಗ ರವಾ ಕೈಹಿಡಿತು

ಎರಡನೇ ಮಹಾಯುದ್ಧದ ಹೊತ್ತಿಗೆ ದೊಡ್ಡ ಸಂಕಟ ಎದುರಾಯಿತು. 1942ರಲ್ಲಿ ಬರ್ಮಾ ದೇಶ ಜಪಾನೀಯರ ಕೈಗೆ ಹೋಯ್ತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜೋಳದ ರೊಟ್ಟಿ ತಿನ್ನೋ ನಮ್ಮಂಥವರಿಗೆ ಅಕ್ಕಿ ಇಲ್ಲಾಂದ್ರೂ ದಿನ ಸಾಗತೈತಿ. ಆದ್ರೆ ಇಡ್ಲಿ ಮಾರಿ ಬದುಕೋ ಹೋಟೆಲ್ ಅಕ್ಕಿ ಇಲ್ಲದೆ ಏನು ಮಾಡಬೇಕು ಹೇಳ್ರಿ?

ಅಕ್ಕಿ ಬದಲು ಗೋಧಿ ರವಾ ಹಿಡಿದರು. ಹುರಿದ ರವಾಕ್ಕೆ ಮೊಸರು, ಸಾಸಿವೆ ಒಗ್ಗರಣೆ, ಗೋಡಂಬಿ, ಕೊತ್ತಂಬರಿ ಸೇರಿಸಿ ಇಡ್ಲಿ ತಟ್ಟೆಯಲ್ಲಿ ಬೇಯಿಸಿದರು. ರಾತ್ರಿಯಿಡೀ ಹಿಟ್ಟು ಹುಳಿ ಬರಿಸೋ ಕೆಲಸವೂ ಉಳೀತು. ರವಾ ಇಡ್ಲಿ ಹುಟ್ಟಿದ್ದು ಹೀಗೆ ತಮ್ಮ ಅಡುಗೆಮನೆಯಲ್ಲೇ ಅನ್ನೋದು ಆ ಮನೆತನದವರ ಮಾತು. ಯುದ್ಧ ಮುಗಿದು ಅಕ್ಕಿ ಮತ್ತೆ ಬಂತು, ರವಾ ಇಡ್ಲಿ ಮಾತ್ರ ಹೋಗಲೇ ಇಲ್ಲ.

ವಿದೇಶಕ್ಕೆ ಹೋಗಿ ಕಲಿತದ್ದು

1951ರಲ್ಲಿ ಮಯ್ಯರು ಯುರೋಪ್ ಪ್ರವಾಸ ಮಾಡಿದರು. ಅಲ್ಲಿನ ಹೋಟೆಲ್‌ಗಳು ಹೆಂಗ ನಡೀತಾವು ಅಂತ ನೋಡೋದೇ ಉದ್ದೇಶ. ಅಲ್ಲಿಂದ ಅವರು ಹೊಸ ತಿಂಡಿ ಏನೂ ತರಲಿಲ್ಲ, ತಂದದ್ದು ಸ್ವಚ್ಛತೆ ಮತ್ತು ಶಿಸ್ತು.

ವಾಪಸ್ ಬಂದ ಮೇಲೆ ಕಪ್ಪು, ಚಮಚ, ತಟ್ಟೆಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಕ್ರಮ ತಂದರು. ಆಗಿನ ಹೋಟೆಲ್‌ಗಳಲ್ಲಿ ಇದು ಹೊಸ ಮಾತು. ಅಡುಗೆಮನೆಯನ್ನ ಮುಚ್ಚಿಡಲಿಲ್ಲ. ಊಟಕ್ಕೆ ಬಂದ ಗಿರಾಕಿ ಅಡುಗೆಮನೆ ನೋಡಿಕೊಂಡೇ ಒಳಗೆ ಹೋಗುವ ಪದ್ಧತಿ ಆ ಹೋಟೆಲ್‌ನ ಗುರುತೇ ಆಯ್ತು. ಇವತ್ತು ದೊಡ್ಡ ಸಿಟಿಗಳಲ್ಲಿ ಓಪನ್ ಕಿಚನ್ ಅಂತ ಜಾಹೀರಾತು ಹಾಕ್ತಾರಲ್ಲ, ಅದನ್ನ ಇವರು ಆಗಲೇ ಮಾಡಿ ತೋರಿಸಿದ್ರು.

1960ರಲ್ಲಿ ಹೋಟೆಲ್ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು. ಹೆಸರೂ ಬದಲಾಯಿತು: ಮಾವಳ್ಳಿ ಟಿಫಿನ್ ರೂಮ್ಸ್. ಜನರ ಬಾಯಲ್ಲಿ ಎಂಟಿಆರ್. ಜಾತಿ ಹೆಸರಿನ ಬೋರ್ಡು ಹೋಗಿ ಬಡಾವಣೆ ಹೆಸರಿನ ಬೋರ್ಡು ಬಂತು ಅನ್ನೋದನ್ನೂ ಇಲ್ಲಿ ಗಮನಿಸಬೇಕು.

ಅವರು ಹೋದ ಮೇಲೆ ಬಂದ ಪರೀಕ್ಷೆ

ಮಯ್ಯರು ತೀರಿದ ಏಳು ವರ್ಷಕ್ಕೆ, 1975ರಲ್ಲಿ, ತುರ್ತು ಪರಿಸ್ಥಿತಿ ಜಾರಿಯಾಯಿತು. ಹೋಟೆಲ್ ತಿಂಡಿ ದರ ಇಳಿಸುವಂತೆ ಸರ್ಕಾರದ ಆದೇಶ ಬಂತು. ಆ ದರಕ್ಕೆ ಅದೇ ತುಪ್ಪ, ಅದೇ ಗೋಡಂಬಿ ಹಾಕಿದ್ರ ನಷ್ಟ, ಕಮ್ಮಿ ಮಾಲು ಹಾಕಿದ್ರ ಹೆಸರು ಹಾಳು. ಮನೆತನದವರು ಮಾಲು ಕೆಡಿಸಲಿಲ್ಲ. ದಿನದ ನಷ್ಟ ಎಷ್ಟು ಅಂತ ಬಾಗಿಲ ಮುಂದೆ ಬೋರ್ಡಿನಲ್ಲಿ ಬರೆದು ಹಾಕಿದರು. ಕೊನೆಗೆ ಹೋಟೆಲ್ಲೇ ಮುಚ್ಚಿದರು.

ಆದ್ರೆ ಕೆಲಸಗಾರರ ಗತಿ? ಅವರ ಕೈಗೆ ಕೆಲಸ ಉಳಿಸಲು ರವಾ ಇಡ್ಲಿಯಂಥ ತಿಂಡಿಗಳ ಸಿದ್ಧ ಹಿಟ್ಟು, ಸಾಂಬಾರ್ ಪುಡಿ, ಮಸಾಲೆ ಪಾಕೀಟು ಮಾಡಿ ಪಕ್ಕದಲ್ಲೇ ಮಾರತೊಡಗಿದರು. ಆ ಪಾಕೀಟೇ ಮುಂದೆ ದೇಶ ತುಂಬ ಹಬ್ಬಿತು. 1984ರಲ್ಲಿ ಹೋಟೆಲ್ ಮತ್ತೆ ತೆರೆಯಿತು. ಪಾಕೀಟಿನ ಕಂಪನಿ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಪಾಲಾಯಿತು. ಹೋಟೆಲ್ ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು.

ನಮ್ಮ ಭಾಗಕ್ಕೆ ಏನು ಪಾಠ?

ಗೋಕಾಕ ಅಂದ್ರ ಕರದಂಟು. ಅಂಟು, ಬೆಲ್ಲ, ತುಪ್ಪ, ಒಣಹಣ್ಣು ಛಲೋ ಇದ್ರಷ್ಟೇ ಅದಕ್ಕೆ ಆ ಹೆಸರು. ಖಾನಾವಳಿಗಳದ್ದೂ ಅಷ್ಟೇ, ರೊಟ್ಟಿ, ಎಣ್ಣಗಾಯಿ ಪಲ್ಯದ ರುಚಿ ನಂಬಿ ಮಂದಿ ಬರ್ತಾರ. ಸಾಮಾನಿನ ದರ ಏರಿದಾಗ ಮಾಲಿನ ಗುಣಮಟ್ಟ ಇಳಿಸೋ ಆಸೆ ಎಲ್ಲರಿಗೂ ಬರುತ್ತೆ. ಮಯ್ಯರು ಹಾಕಿದ ದಾರಿ ಬೇರೆ: ಸಾಮಾನು ಸಿಗದಿದ್ರ ಹೊಸ ತಿಂಡಿ ಹುಡುಕು, ದರ ಗಿಟ್ಟದಿದ್ರ ಬೇರೆ ದಂಧೆ ಕಟ್ಟು, ಗಿರಾಕಿಗೆ ಮಾತ್ರ ಮೋಸ ಮಾಡಬೇಡ.

ಕೆಲಸದ ಮೇಲೆ ಬೆಂಗಳೂರಿಗೆ ಹೋಗುವ ನಮ್ಮ ಭಾಗದವರು ಬೆಳಗ್ಗೆ ಲಾಲ್‌ಬಾಗ್ ರಸ್ತೆ ಕಡೆ ಒಮ್ಮೆ ಹೋಗಿ ಬರ್ರಿ. ರಜೆ ದಿನ ಆದ್ರ ಪಾಳಿ ಹಚ್ಚಬೇಕಾಗತೈತಿ. ರವಾ ಇಡ್ಲಿ, ಜೊತೆಗೆ ಆಲೂಗಡ್ಡೆ ಸಾಗು, ಮೇಲೊಂದು ಚಮಚ ತುಪ್ಪ. ಪಾರಂಪಳ್ಳಿಯಿಂದ ಬರಿಗೈಲಿ ಬಂದವರ ಕೈರುಚಿ ಅದು.